ಎರಡು ಬೆರಳು ಪಕ್ಕಕ್ಕೆ

ಮನುಷ್ಯರು ನಿಜಕ್ಕೂ ತಲೆಕೆಡಿಸಿಕೊಳ್ಳಬೇಕಾದ ಗಂಭೀರ ಪ್ರಶ್ನೆಗಳು ಹೆಚ್ಚಿಲ್ಲ, ಅವುಗಳಲ್ಲೊಂದು ಈಗ ನನ್ನ ಮುಂದಿದೆ, ಮೈಕು ಸ್ಪೀಕರಿನ ನಟ್ಟನಡುವೆ ಇರಬೇಕೋ ಎರಡು ಬೆರಳು ಪಕ್ಕಕ್ಕೆ ಸರಿದಿರಬೇಕೋ — ಮೈಕೂ ಇಲ್ಲ ಸ್ಪೀಕರೂ ಇಲ್ಲ ಎಂಬುದು ಬೇರೆ ಮಾತು, ಇರುವುದು ಊಟದ ಮೇಜು, ಕಂಪ್ಯೂಟರು, ಮಡಿಲಲ್ಲಿ ಗಿಟಾರು, ತಲೆಗೆ ಹೆಡ್‌ಫೋನು, ಕಾಲಬಳಿ, ಗಿಟಾರಿನ ಸದ್ದು ಹಿಗ್ಗಿಸುವ ಆಂಪಿನ ವೇಷ ಹಾಕಿದ ಪುಟ್ಟ ಯಂತ್ರ, ಪರದೆಯ ಮೇಲೆ ಸ್ಪೀಕರು, ಮೈಕುಗಳ ಚಿತ್ರ, ಪಕ್ಕದ ಪಟ್ಟಿಯ ಮೇಲೆ ಬಿಸಿಲು ಬಿದ್ದು ಅರ್ಧ ಹೆಸರುಗಳು ಕಾಣುತ್ತಿಲ್ಲ, ಎಲ್ಲಿಯೋ ಒಬ್ಬ ಪುಣ್ಯಾತ್ಮ ಮರದ ಸ್ಪೀಕರು ಪೆಟ್ಟಿಗೆಯ ಮುಂದೆ ಮೈಕು ನಿಲ್ಲಿಸಿ ಆ ಪೆಟ್ಟಿಗೆಯ ಕಂಠವನ್ನು ಅಚ್ಚು ತೆಗೆದಿಟ್ಟಿದ್ದಾನೆ, ಅಂಥ ಅಚ್ಚುಗಳು ನನ್ನ ಹತ್ತಿರ ಒಂದು ಗೋದಾಮಿನಷ್ಟಿವೆ, ಅವಿಲ್ಲದಿದ್ದರೆ ಡಿಜಿಟಲ್ ಆಂಪು ಎಂದರೆ ಡಬ್ಬಿಯಲ್ಲಿ ಸಿಕ್ಕಿಕೊಂಡ ದುಂಬಿ, ಪೆಟ್ಟಿಗೆಯ ನಕಲು ಸೇರಿದ ಮೇಲೇ ಅದು ಗಿಟಾರು — ಇದು, ಮಂಕು, ಮುಂದಿನದು, ಇನ್ನೂ ಮಂಕು, ಈಗ ಸ್ಪಷ್ಟವಾ, ಮುಂಚೆ ಸ್ಪಷ್ಟವಾ, ಕನ್ನಡಕದಂಗಡಿಯಲ್ಲಿ ದಿನವಿಡೀ ನಾನು ಜನರನ್ನು ಕೇಳುವುದೂ ಇದನ್ನೇ, ಗಾಜು ಬದಲಿಸುತ್ತ, ಎರಡೂ ಒಂದೇ ಥರ ಇದೆ ಮೇಡಂ ಅನ್ನುತ್ತಾರೆ ಪಾಪ, ಪರೀಕ್ಷೆಯಲ್ಲಿ ಫೇಲಾದವರ ಮುಖ ಮಾಡಿಕೊಂಡು, ಈಗ ನನ್ನದೂ ಅದೇ ಮುಖ.

ಎಲ್ಲ ಪೆಟ್ಟಿಗೆಗಳೂ ಕಂಬಳಿ ಹೊದ್ದು ಮಾತಾಡುತ್ತಿವೆ, ಅಥವಾ ಕಂಬಳಿ ಇರುವುದು ನನ್ನ ಕಿವಿಯ ಮೇಲೋ — ಹೋದ ತಿಂಗಳ ಜ್ವರ ಹೋಗುವಾಗ ಎಡಗಿವಿಯಲ್ಲಿ ಒಂದು ಗುಂಯ್ ಬಿಟ್ಟುಹೋಯಿತು, ಡಾಕ್ಟರು ಕೊಳವೆ ತೂರಿಸಿ ನೋಡಿ, ತಾರಕದ ಸದ್ದು ಕೇಳುವುದು ಸ್ವಲ್ಪ ಇಳಿದಿರಬಹುದು, ಕಾದು ನೋಡೋಣ, ಅಂದರು, ಅವರಿಗೇನು, ಕಾಯುವುದು ನಾನು, ಬುಧವಾರ ರೆಕಾರ್ಡಿಂಗು, ಅಕ್ಕನದು ಬೇಸ್ ಗಿಟಾರು, ಭಾವನದು ಡ್ರಮ್ಸು, ಮೂರೇ ಜನರ ಬ್ಯಾಂಡಿನಲ್ಲಿ ಒಬ್ಬಳಿಗೆ ಕಿವಿ ಇಲ್ಲವೆಂದು ಹೇಗೆ ಹೇಳುವುದು, ಹೇಳಿಲ್ಲ, ನಿನ್ನೆ ಫೋನಿನಲ್ಲಿ ಅಕ್ಕ, ಏನೇ, ಗಿಟಾರಿನ ಸ್ಯಾಂಪಲ್ ಕಳಿಸ್ತೀಯೋ ಇಲ್ಲ ನಾನೇ ಬಂದು ಕಿವಿ ಹಿಂಡ್ಲೋ, ಅಂದಾಗ ನಗು ಬರಬೇಕಿತ್ತು, ಬರಲಿಲ್ಲ, ಸಂದೇಶ ಬರೆದೇ ಇಟ್ಟಿದ್ದೇನೆ, ಅಕ್ಕಾ, ಗಿಟಾರಿಗೆ ಬೇರೆ ಯಾರನ್ನಾದ್ರೂ ನೋಡು, ಕಳಿಸುವ ಗುಂಡಿಯೊಂದು ಬಾಕಿ, ಹೆಬ್ಬೆರಳು ಅದರ ಮೇಲೆ ಹೋಗುತ್ತದೆ, ಬರುತ್ತದೆ.

ಸರಿ, ಕೊನೆಗೊಂದು ಪರೀಕ್ಷೆ, ಪೆಟ್ಟಿಗೆಯನ್ನೇ ತೆಗೆದುಬಿಡೋಣ, ಬರೀ ದುಂಬಿ ಕೇಳೋಣ, ದುಂಬಿಯೂ ಮಂಕಾಗಿ ಕೇಳಿದರೆ ಕಿವಿಯ ಕಥೆ ಮುಗಿಯಿತು, ಸಂದೇಶ ಹೋಗಲಿ — ಕಂಪ್ಯೂಟರಿನಲ್ಲಿದ್ದ ಪೆಟ್ಟಿಗೆಯ ನಕಲು ತೆಗೆದುಹಾಕಿದೆ, ಮೀಟಿದೆ, ದುಂಬಿ ಬರಲಿಲ್ಲ, ಗಿಟಾರು ಬಂತು, ಕಂಬಳಿ ಇಲ್ಲದೆ, ತಂತಿ ಮೀಟುವ ಪ್ಲೆಕ್ಟ್ರಮ್ಮು ಕೆರೆದ ಸದ್ದಿನ ಸಮೇತ, ಪೆಟ್ಟಿಗೆಯೇ ಇಲ್ಲದೆ ಇದೆಲ್ಲಿಂದ, ಬಗ್ಗಿ ನೋಡುತ್ತೇನೆ, ಯಂತ್ರದ ಮೇಲೆ ಹಸಿರು ದೀಪ, ಅದರೊಳಗೂ ಒಂದು ಪೆಟ್ಟಿಗೆಯ ನಕಲು, ಜ್ವರದಲ್ಲಿ ಮಲಗಿದ್ದಾಗ ತರಿಸಿದ ಹೊಸ ಯಂತ್ರ, ಬಂದ ದಿನದಿಂದ ಅದು ತನ್ನ ಪೆಟ್ಟಿಗೆ ಹಾಕಿಕೊಂಡೇ ಇದೆ, ಅದರ ಮೇಲೆ ನಾನು ಇಷ್ಟು ದಿನ ನನ್ನವನ್ನು ಹೇರುತ್ತಿದ್ದೆ, ಒಂದಾದ ಮೇಲೊಂದು, ಮಹಾ ವಿಮರ್ಶಕಿಯಂತೆ ತಲೆ ಅಲ್ಲಾಡಿಸುತ್ತ — ಕಣ್ಣೊಳಗೆ ಲೆನ್ಸು ಇಟ್ಟುಕೊಂಡೇ ಬಂದು ಕೂತು, ನಿಮ್ಮ ಮಷೀನ್ ಕೆಟ್ಟಿದೆ ನೋಡಿ ಮೇಡಂ ಅನ್ನುವ ಗಿರಾಕಿ ನಾನೇ, ಲೆನ್ಸ್ ಹಾಕಿದೀರಾ ಎಂದು ಬಾಗಿಲಲ್ಲೇ ಕೇಳುವವಳೂ ನಾನೇ, ನನ್ನನ್ನು ಕೇಳುವವರು ಯಾರೂ ಇರಲಿಲ್ಲ. ಹಸಿರು ದೀಪ ಆರಿಸಿದೆ, ಕಂಪ್ಯೂಟರಿನದನ್ನು ಮತ್ತೆ ಹಾಕಿದೆ, ಈಗ ಒಂದೇ ಪೆಟ್ಟಿಗೆ, ನನ್ನದು, ಮೈಕು ನಟ್ಟನಡುವೆ, ಅಬ್ಬಾ, ಕಿವಿಗೆ ದಬ್ಬಳ ಚುಚ್ಚಿದಂತೆ, ಚುಚ್ಚುತ್ತಿದೆ, ಅಂದರೆ ಕೇಳುತ್ತಿದೆ, ಎರಡೂ ಕಿವಿಗೆ, ಎಡಕ್ಕೆ ಒಂಚೂರು ಕಡಿಮೆ ಚುಚ್ಚಿತು ಅಷ್ಟೆ, ಚಿತ್ರದ ಮೈಕನ್ನು ಎರಡು ಬೆರಳು ಪಕ್ಕಕ್ಕೆ ಸರಿಸಿದೆ, ಸದ್ದು ಬಂದು ತನ್ನ ಜಾಗದಲ್ಲಿ ಕೂತಿತು, ಗುಂಯ್ ಇನ್ನೂ ಇದೆ, ಕರೆಯದೆ ಬಂದ ನೆಂಟನಂತೆ ಮೂಲೆಯಲ್ಲಿ, ಇರಲಿ. ಬರೆದಿಟ್ಟ ಸಂದೇಶ ಅಳಿಸಿದೆ, ಬೇರೆ ಬರೆದೆ, ಅಕ್ಕಾ, ಎಡಗಿವಿ ಸ್ವಲ್ಪ ಗುಂಯ್ ಅಂತಿದೆ, ಡಾಕ್ಟರು ನೋಡ್ತಿದ್ದಾರೆ, ಇದನ್ನ ಕೇಳು, ಸ್ಯಾಂಪಲ್ ಜೊತೆಗೇ ಹೋಯಿತು, ತಕ್ಷಣ ಅಕ್ಕನ ಫೋನು, ಎಷ್ಟು ದಿನದಿಂದಲೇ, ನನ್ನ ಹತ್ರ ಹೇಳೋಕೆ ನಿಂಗೇನು ದಾಡಿ, ಆಮೇಲೆ ಸ್ಯಾಂಪಲ್ ಹಾಕಿಕೊಂಡು ಕೇಳುತ್ತಿದ್ದಾಳೆ, ಹಿಂದಿನಿಂದ ಭಾವ, ಕಿವಿ ಪೂರ್ತಿ ಹೋದ್ರೆ ಡ್ರಮ್ಸಿಗೆ ಬರ್ಲಿ ಬಿಡು, ಇಲ್ಲಿ ಕಿವಿ ಬೇಕಾಗಿಲ್ಲ, ಅಕ್ಕ, ನೀವು ಸುಮ್ನಿರ್ರೀ, ಮತ್ತೆ ನನಗೆ, ಸದ್ದು ಚೆನ್ನಾಗಿದೆ, ಬುಧವಾರ ನಿನ್ನ ಬಲಗಡೆ ನಿಂತ್ಕೋತೀನಿ, ನಾನು ಬೈದಿದ್ದು ನಿಂಗೆ ಕೇಳಿಸ್ಬೇಕಲ್ಲ — ಪರದೆಯ ಮೇಲಿನ ಬಿಸಿಲು ಸರಿದಿದೆ, ಚಿತ್ರದಲ್ಲಿ ಕಪ್ಪು ಕಾಗದದ ಸ್ಪೀಕರು, ಅದರ ಮುಂದೆ ಮೈಕು, ಎರಡು ಬೆರಳು ಪಕ್ಕಕ್ಕೆ.

ಬುಧವಾರ ಗಿಟಾರು ನುಡಿಸುವುದು ನಾನು.