ಹಸಿರು ಪೆನ್ನಿಗೆ ಕಟ್ಟಿದ ದಾರ

ಮೃಗಾಲಯದಲ್ಲಿ ಇಪ್ಪತ್ತೆರಡು ವರ್ಷ ಮಂಗಗಳಿಗೆ ಹಣ್ಣು ಹಾಕಿದ ಕಾವಲುಗಾರನಿಗೆ ಕೆಂಪಿಗೂ ಹಸಿರಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವನ ಕಣ್ಣಿಗೆ ಎರಡೂ ಒಣಹುಲ್ಲಿನ ಬಣ್ಣ. ಹಣ್ಣನ್ನು ಒತ್ತಿ, ಮೂಸಿ ಆರಿಸುತ್ತಿದ್ದ. ಇಷ್ಟು ವರ್ಷದಲ್ಲಿ ಒಂದು ಮಂಗಕ್ಕೂ ಹೊಟ್ಟೆ ಕೆಟ್ಟಿರಲಿಲ್ಲ. ಗುಟ್ಟು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಅವನು ಯಾರದೋ ಸಾವಿಗೆ ಕೆಂಪಂಗಿ ತೊಟ್ಟು ಹೊರಟ ದಿನದಿಂದ ಅವಳು ಕೆಂಪು ಬಟ್ಟೆಗಳ ಕಾಲರಿನೊಳಗೆ ದಾರದ ಗಂಟು ಹಾಕಿಡುತ್ತಿದ್ದಳು.

ಹೊಸ ನಿರ್ದೇಶಕರು ಬಂದ ವಾರವೇ ಸಭೆ ಕರೆದರು. ಮೈಕು ಸಿಕ್ಕರೆ ಬಿಡುವ ಪೈಕಿ ಅಲ್ಲ ಅವರು.

"ನಾಯಿ, ಹಸು, ಕುದುರೆ, ಯಾವುದಕ್ಕೂ ಕೆಂಪು ಹಸಿರು ಬೇರೆಬೇರೆ ಕಾಣಲ್ಲ. ನಮ್ಮ ಪೂರ್ವಜರು ಮರದ ಮೇಲೆ ಮಾಗಿದ ಹಣ್ಣು ಹುಡುಕಿ ಹುಡುಕಿ ಈ ದೃಷ್ಟಿ ಪಡೆದ್ರು. ಅದಿಲ್ಲದವನು ವಿಕಾಸದಲ್ಲಿ ಹಿಂದೆ ಬಿದ್ದವನು. ಅಂಥವನ ಕೈಗೆ ಹಣ್ಣಿನ ಬುಟ್ಟಿ ಕೊಡೋಕಾಗಲ್ಲ. ಎಲ್ಲರಿಗೂ ಕಣ್ಣಿನ ಪರೀಕ್ಷೆ!"

ಮಂಗಗಳ ಪಂಜರದ ಮುಂದಿನ ಫಲಕದಲ್ಲಿ ಬೇರೆಯೇ ಬರೆದಿತ್ತು: ಈ ಜಾತಿಯ ಗಂಡುಗಳಿಗೆ ಕೆಂಪು-ಹಸಿರು ಭೇದವಿಲ್ಲ, ಕೆಲವು ಹೆಣ್ಣುಗಳಿಗೆ ಮಾತ್ರ ಇದೆ. ಮಂಗಗಳಿಗೆ ನೌಕರಿ ಇಲ್ಲವಲ್ಲ, ಬಚಾವು.

ಕಾವಲುಗಾರನಿಗೆ ಅನ್ನ ನೀರು ಸೇರದಾಯಿತು. ಹೆಂಡತಿ ಎಲ್ಲಿಂದಲೋ ಪರೀಕ್ಷೆಯ ಪುಸ್ತಕ ತಂದಳು. ಪುಟದ ತುಂಬ ಬಣ್ಣದ ಚುಕ್ಕಿ, ಚುಕ್ಕಿಗಳ ನಡುವೆ ಅಡಗಿದ ಅಂಕಿ. ಅವನಿಗೆ ಚುಕ್ಕಿ ಬಿಟ್ಟು ಬೇರೇನೂ ಕಾಣದು. ಮಗ್ಗಿ ಹೇಳಿಸಿದ ಹಾಗೆ ಪುಟದ ಕ್ರಮದಲ್ಲಿ ಅಂಕಿಗಳನ್ನು ಬಾಯಿಪಾಠ ಮಾಡಿಸಿದಳು.

ಪರೀಕ್ಷೆಯ ದಿನ ನಿರ್ದೇಶಕರು ಪುಸ್ತಕವನ್ನು ಹಿಂದಿನಿಂದ ತೆರೆದರು.

"ಹನ್ನೆರಡು, ಎಂಟು, ಆರು..." ಕಾವಲುಗಾರ ಒಂದೇ ಉಸಿರಿಗೆ ಒಪ್ಪಿಸಿದ. ನಿರ್ದೇಶಕರು ಪ್ರತಿ ಪುಟದ ಬೆನ್ನಿಗೆ ಬರೆದಿದ್ದ ಉತ್ತರ ನೋಡಿ ತಲೆ ಅಲ್ಲಾಡಿಸಿದರು. ಅವನು ಇಂಗು ತಿಂದ ಮಂಗನಂತೆ ನಿಂತ.

ಆ ಕಚೇರಿಯಲ್ಲಿ ಆದೇಶಕ್ಕೆ ಮಾತು ಬೇಕಿರಲಿಲ್ಲ. ಕಡತದ ಮೇಲೆ ಹಸಿರು ಸಹಿ ಬಿದ್ದರೆ ಮುಂದುವರಿಕೆ, ಕೆಂಪು ಬಿದ್ದರೆ ವಜಾ. ಮೇಜಿನ ಮೇಲೆ ಒಂದೇ ಥರದ ಎರಡು ಕಪ್ಪು ಪೆನ್ನುಗಳಿದ್ದವು, ಹಸಿರು ಶಾಯಿಯದರ ಕತ್ತಿಗೆ ದಾರದ ಗಂಟು. ನಿರ್ದೇಶಕರ ಕೈ ಗಂಟಿಲ್ಲದ ಪೆನ್ನಿನತ್ತ ಹೋಯಿತು.

ಕಾವಲುಗಾರನ ಬಾಯಿಂದ ಮಾತು ತಾನೇ ಜಾರಿತು: "ಸರ್, ನಿಮ್ಮನೇಲೂ ದಾರ ಕಟ್ತಾರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಿರ್ದೇಶಕರು ದಾರವನ್ನು ಕಿತ್ತೆಸೆದರು. "ಯಾವ ದಾರ? ದಾರವೂ ಇಲ್ಲ ಗೀರವೂ ಇಲ್ಲ!"

ಆ ರಭಸಕ್ಕೆ ಎರಡೂ ಪೆನ್ನು ಉರುಳಿ ಒಂದರ ಪಕ್ಕ ಒಂದು ನಿಂತವು. ನಿರ್ದೇಶಕರು ಒಂದನ್ನು ಎತ್ತಿ ಕಾಗದದ ಮೇಲೆ ಗೀಚಿದರು. ಇನ್ನೊಂದರಿಂದಲೂ ಗೀಚಿದರು. ಗೀಟುಗಳನ್ನು ಬೆಳಕಿಗೆ ಹಿಡಿದರು. ಗುಮಾಸ್ತನನ್ನು ಕರೆಯಲು ಗಂಟೆಯ ತನಕ ಹೋದ ಕೈ ಹಿಂದೆ ಬಂತು.

"ಇದ್ರಲ್ಲಿ ಕೆಂಪು ಯಾವುದಯ್ಯಾ?" ಎಂದು ಪಿಸುಗುಟ್ಟಿದರು.

"ನನ್ನನ್ನ ಕೇಳ್ತೀರಾ ಸರ್?"

ಇಬ್ಬರೂ ಗೀಟುಗಳ ಮೇಲೆ ಬಗ್ಗಿ ನೋಡಿದರು. ಕಾವಲುಗಾರನಿಗೆ ಮೊದಲ ಸಲ ಆ ಮನುಷ್ಯನ ಮೇಲೆ ಕನಿಕರ ಬಂತು.

ಕೊನೆಗೆ ನಿರ್ದೇಶಕರು ಕಾಗದ ಮಡಚಿ ಜೇಬಿಗಿಟ್ಟರು. "ಮನೇಲಿ ಕೇಳ್ಕೊಂಡು ಬಂದು ಸಹಿ ಹಾಕ್ತೀನಿ. ಅಲ್ಲೀವರೆಗೂ ಹಣ್ಣು ನೀನೇ ಹಾಕ್ತಿರು."

"ಆಗಲಿ ಸರ್," ಎಂದು ಕಾವಲುಗಾರ ಬುಟ್ಟಿ ಎತ್ತಿಕೊಂಡ. "ನಮ್ಮ ಗಂಡು ಮಂಗಗಳೂ ಹಾಗೇ. ಹೆಣ್ಣು ಮಂಗ ಆರಿಸಿ ಕೊಡೋವರೆಗೂ ಸುಮ್ನೆ ಕೂತಿರ್ತವೆ."