ಸಾಹೇಬರ ಹೊಟ್ಟೆಯ ಪದರು

ಮಚ್ಚೇಂದ್ರ ಮಾಸ್ತರರು ರಾಜೇಶ್ವರದ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ಚಿತ್ರಕಲೆ ಕಲಿಸಿದವರು. ಕಂಪ್ಯೂಟರಿನಲ್ಲಿ ಬರೆದ ಚಿತ್ರವೆಂದರೆ ಅವರ ಪಾಲಿಗೆ ಪ್ಯಾಕೆಟ್ಟಿನ ಉಪ್ಪಿನಕಾಯಿ. ರುಚಿ ಇದ್ದೀತು, ಮಾಡಿದವರ ಕೈ ಗೊತ್ತಾಗುವುದಿಲ್ಲ. ಅಂಥವರನ್ನು ಇಲಾಖೆ ಮೂರು ದಿನದ ಟ್ಯಾಬ್ ತರಬೇತಿಗೆಂದು ಹುಮನಾಬಾದಿಗೆ ಅಟ್ಟಿತು.

“ಹಲ್ಲು ಬಿದ್ದಮ್ಯಾಲ ಕಡ್ಲಿ ಕೊಡಾಕತ್ತಾರ,” ಎಂದು ಗೊಣಗುತ್ತಲೇ ಹೋದರು.

ಕಲಿಸಲು ಬಂದವಳು ಆಮ್ರಪಾಲಿ, ಅವರದೇ ಹಳೆಯ ವಿದ್ಯಾರ್ಥಿನಿ. ಮಾಸ್ತರರು ಹೆಮ್ಮೆಪಡಬೇಕೋ ನಾಚಬೇಕೋ ತಿಳಿಯದೆ ಕೈಗೆ ಕೊಟ್ಟ ಟ್ಯಾಬಿನ ಪೆನ್ನಿನ ತುದಿಯನ್ನು ಕುಂಚದಂತೆ ನಾಲಿಗೆಗೆ ಒತ್ತಿದರು.

“ಸರ್, ಅದನ್ನ ನೆಕ್ಕಬ್ಯಾಡ್ರಿ. ಅದಕ್ಕ ಚಾರ್ಜ್ ಹಾಕ್ತಾರ.”

ಎರಡು ದಿನ ಹೀಗೇ ಕಳೆಯಿತು. ಗುಂಡಿಗಳು ಕೇಳದಿದ್ದರೂ ಗೆರೆ ಮಾತ್ರ ಅವರ ಮಾತು ಕೇಳುತ್ತಿತ್ತು. ಹಾಗಾಗಿ ಮೂರನೆಯ ದಿನ ಎಲ್ಲರೂ ನೋಡಲೆಂದು ಆಮ್ರಪಾಲಿ ಅವರ ಟ್ಯಾಬನ್ನೇ ಗೋಡೆಯ ದೊಡ್ಡ ಪರದೆಗೆ ಜೋಡಿಸಿದಳು. ಅಷ್ಟರಲ್ಲಿ ಅಧಿಕಾರಿ ಮಲ್ಲಿಕಾರ್ಜುನ ಸಾಹೇಬರು ಬಂದು, ಪರದೆಗೆ ಬೆನ್ನು ಮಾಡಿ ನಿಂತು, ಡಿಜಿಟಲ್ ಯುಗದ ಮೇಲೆ ಭಾಷಣಕ್ಕಿಳಿದರು.

ಭಾಷಣ ಕೇಳುವಾಗ ಸುಮ್ಮನೆ ಕೂರುವ ಕೈ ಮಾಸ್ತರರದಲ್ಲ. ಜೋಡಣೆಯ ವಿಷಯ ಮರೆತು ಸಾಹೇಬರನ್ನೇ ಬರೆಯತೊಡಗಿದರು. ಮೊದಲು ಮೀಸೆ. ಸಭೆಯಲ್ಲಿ ಕಿಸಕ್ಕೆಂದಿತು. ಆಮೇಲೆ ಗಲ್ಲ. ನಗು ಜೋರಾಯಿತು. ತಮ್ಮ ಮಾತಿಗೆ ಇಷ್ಟು ನಗುವವರನ್ನು ಸಾಹೇಬರು ಹುಟ್ಟಾ ಕಂಡಿರಲಿಲ್ಲ. ಹುರುಪೇರಿ ಎರಡು ಹಳೆಯ ಜೋಕುಗಳನ್ನೂ ಬಿಟ್ಟರು. ಮಾಸ್ತರರು ಹೊಟ್ಟೆಗೆ ಬಂದಾಗ ಹಿಂದಿನ ಸಾಲಿನವರು ಬೆಂಚು ಗುದ್ದಿ ನಕ್ಕರು.

“ಸರ್, ಗ್ವಾಡಿ ನೋಡ್ರಿ!” ಎಂದು ಪಕ್ಕದ ಲತೀಫಾ ಮೇಡಂ ಚಿವುಟಿದರು.

ಮಾಸ್ತರರು ನೋಡಿದರು. ಗಾಬರಿಯಲ್ಲಿ ಅಂಗೈಯಿಂದ ಟ್ಯಾಬನ್ನು ಉಜ್ಜಿದರೆ ಚಿತ್ರ ಅಳಿಯುವ ಬದಲು ಉಬ್ಬಿ, ಪರದೆಯ ತುಂಬ ಬರೀ ಹೊಟ್ಟೆಯಾಯಿತು. ಆಗಲೇ ಸಾಹೇಬರು ತಿರುಗಿದರು.

“ಯಾರದ್ರಿ ಇದು?”

“ಕೈ ನಂದ್ರಿ. ಹೊಟ್ಟಿ ನಿಮ್ದು.”

“ಇಷ್ಟು ಅದ ಏನ್ರಿ ನಂದು?”

ಕಲಾವಿದನ ಬಾಯಲ್ಲಿ ಸುಳ್ಳು ಬರಲಿಲ್ಲ. “ಜರಾ ಕಮ್ಮೀನೇ ತೆಗದೀನ್ರಿ, ಸಾಹೇಬ್ರ.”

ಆಮ್ರಪಾಲಿ ಬಂದು ಚಿತ್ರವನ್ನು ಮೊದಲಿನ ಅಳತೆಗೆ ತಂದು ಟ್ಯಾಬನ್ನು ನೋಡಿದಳು. ಯಾವುದೋ ಗುಂಡಿ ತಪ್ಪಿ ಒತ್ತಿದ ಮಾಸ್ತರರು ಹೊಟ್ಟೆಯನ್ನು ಬೇರೆಯದೇ ಪದರಿನಲ್ಲಿ ಬರೆದಿದ್ದರು.

“ಇದಕ್ಕ ಲೇಯರ್ ಅಂತಾರ್ರಿ. ಗಾಜಿನ ಮ್ಯಾಲ ಗಾಜು ಇಟ್ಟಂಗ. ಒಂದು ತೆಗದ್ರ ಇನ್ನೊಂದು ಕೆಡಂಗಿಲ್ಲ,” ಎಂದು ಬೆರಳೊತ್ತಿದಳು. ಹೊಟ್ಟೆ ಮಾಯ! ಸಾಹೇಬರು ಮದುವೆಗೆ ಮುಂಚಿನವರಾದರು.

“ವಾಪಸ್ ತರ್ರಿ.” ಹೊಟ್ಟೆ ಬಂತು. “ತೆಗೀರಿ.” ಹೋಯಿತು. ಸಾಹೇಬರು ಕುರ್ಚಿ ಎಳೆದುಕೊಂಡು ತಾವೇ ಒತ್ತತೊಡಗಿದರು. ಎರಡು ದಿನ ಲೇಯರ್ ಎಂದಾಗಲೆಲ್ಲ ಆಕಳಿಸಿದ್ದ ಉಳಿದ ಮಾಸ್ತರರೆಲ್ಲ ಸುತ್ತ ಮುತ್ತಿಕೊಂಡರು. ಭಾಷಣ ಅರ್ಧಕ್ಕೇ ಸತ್ತಿತು. ಹೊಟ್ಟೆಯಿಲ್ಲದ ಚಿತ್ರವನ್ನು ತಮ್ಮ ಫೋನಿಗೆ ಹಾಕಿಸಿಕೊಂಡು ಹೊರಡುವಾಗ ಸಾಹೇಬರು ಮಚ್ಚೇಂದ್ರ ಮಾಸ್ತರರಿಗೆ, “ಮುಂದಿನ ವಾರ ಬಸವಕಲ್ಯಾಣದಾಗ ನೀವೇ ಕಲಿಸ್ರಿ,” ಎಂದರು. ಅದು ಬಹುಮಾನವೋ ಶಿಕ್ಷೆಯೋ ಯಾರೂ ಕೇಳಲಿಲ್ಲ.

ಬಸವಕಲ್ಯಾಣದಲ್ಲಿ ಮೂವತ್ತು ಜನಕ್ಕೆ ನಾಲ್ಕೇ ಟ್ಯಾಬುಗಳಿದ್ದವು. ಮಾಸ್ತರರು ಸ್ಟೇಷನರಿ ಅಂಗಡಿಯಿಂದ ಪುಸ್ತಕಕ್ಕೆ ಹಾಕುವ ಪಾರದರ್ಶಕ ಪ್ಲಾಸ್ಟಿಕ್ ತಂದು ತುಂಡು ಮಾಡಿ ಹಂಚಿದರು. ಒಂದರ ಮೇಲೆ ಮರ, ಇನ್ನೊಂದರ ಮೇಲೆ ಎಮ್ಮೆ, ಮತ್ತೊಂದರ ಮೇಲೆ ಬಿಸಿಲು ಬರೆಸಿ, ಒಂದರ ಮೇಲೊಂದು ಇಡಿಸಿದರು.

“ಸರ್, ಟ್ಯಾಬ್ ಯಾವಾಗ ಮುಟ್ಟೋದು?” ಎಂದನು ದತ್ತು ಎಂಬ ಹೊಸ ಮಾಸ್ತರ.

“ಊಟ ಆದಮ್ಯಾಲ. ಮೊದಲ ಕೈಗೆ ತಿಳೀಲಿ, ಆಮ್ಯಾಲ ಕರೆಂಟಿಗೆ ತಿಳಿಸೋಣ.”

ಊಟದ ಗಂಟೆ ಹೊಡೆಯಿತು. ದತ್ತು ಮಾತ್ರ ಎಮ್ಮೆಯನ್ನು ಬಿಸಿಲಿನಿಂದ ನೆರಳಿಗೆ, ನೆರಳಿನಿಂದ ಬಿಸಿಲಿಗೆ ಸರಿಸುತ್ತ ಕೂತೇ ಇದ್ದ.