ವರ್ನಾ ಹೇಳಿದ ‘ಇಲ್ಲ’

ಎಡ ಮುಂಗೈಯಿಂದ ಭುಜದವರೆಗೆ ನಾಲ್ಕು ತಟ್ಟೆಗಳನ್ನು ಸಾಲಾಗಿ ಏರಿಸಿಕೊಂಡು, ಬಲಗೈಯಲ್ಲಿ ಕಾಫಿಯ ಹೂಜಿ ಹಿಡಿದು, ದೋಣಿಯಲ್ಲಿ ನಿಂತವರಂತೆ ಮೈಯನ್ನು ತುಸುವೇ ತೂಗುತ್ತ ವರ್ನಾ ಹೈಕ್ಕಿನೆನ್ ನಡೆದುಬರುವುದನ್ನು ಕಾಣಲೆಂದೇ ಅಮೆರಿಕದ ಸುಪೀರಿಯರ್ ಸರೋವರದ ದಂಡೆಯ ನಮ್ಮ ಹೋಟೆಲಿಗೆ ಬರುವವರಿದ್ದರು. ಮೂವತ್ತೊಂದು ವರ್ಷ ಬಡಿಸಿದವಳು. ಗಿರಾಕಿಯ ಹೆಸರಿಗಿಂತ ಮೊದಲು ಅವನ ಮೊಟ್ಟೆ ಎಷ್ಟು ಬೇಯಬೇಕೆಂಬುದು ಅವಳ ನೆನಪಿಗೆ ಬರುತ್ತಿತ್ತು. ಮಾಲೀಕ ಕೊಡುವ ಸಂಬಳ ಹೆಸರಿಗೆ ಮಾತ್ರ. ಕಾನೂನೇ ಹಾಗಿತ್ತು: ಬಡಿಸುವವರಿಗೆ ಕನಿಷ್ಠ ವೇತನದ ಅರ್ಧವೂ ಇಲ್ಲ, ಮಿಕ್ಕದ್ದು ಗಿರಾಕಿಯ ಟಿಪ್ಸು. “ನಂಗೆ ಧಣಿ ಒಬ್ಬನಲ್ಲ ಕಣೋ, ದಿನಕ್ಕೆ ಅರವತ್ತು ಜನ,” ಎಂದು ಅಲ್ಲಿ ಬಾಣಸಿಗನಾಗಿದ್ದ ನನ್ನೆದುರು ಜಂಬ ಕೊಚ್ಚುತ್ತಿದ್ದಳು.

ಆ ಅರವತ್ತರಲ್ಲಿ ಒಬ್ಬ ಮರದ ವ್ಯಾಪಾರಿ. ಬಡಿಸುವವಳ ಸೊಂಟದ ಮೇಲೆ ಕೈಯಿಟ್ಟೇ ತಿಂಡಿ ಹೇಳುವವನು. ವರ್ನಾ ನಗುತ್ತಲೇ ಜಾರಿಕೊಳ್ಳುತ್ತಿದ್ದಳು. ಹೊಸದಾಗಿ ಸೇರಿದ್ದ ರೋಂಡಾ ಒಂದು ದಿನ ಆ ಕೈಯನ್ನು ತಳ್ಳಿಹಾಕಿ, ಅಳುತ್ತ ಒಳಗೆ ಬಂದಾಗ, ವರ್ನಾ ಅವಳ ಮುಖ ಒರೆಸಿ ಹೇಳಿದ್ದಿಷ್ಟೇ: “ನನ್ ಮೇಲೂ ಇಟ್ಟಿದ್ದಾನೆ ಕಣೇ. ಬಾಡಿಗೆ ಕಟ್ಟೋ ವಾರ ಬೈಯೋಕಾಗುತ್ತಾ?”

ಬಡಿಸುವವರಿಗೂ ಪೂರ್ತಿ ವೇತನ ಕೊಡಬೇಕೆಂಬ ಮಸೂದೆ ಬಂದಾಗ, ರಾಜ್ಯದ ರಾಜಧಾನಿಯಲ್ಲಿ ಶಾಸಕರ ಸಮಿತಿ ನಡೆಸಿದ ವಿಚಾರಣೆಗೆ ರೋಂಡಾ ಅದರ ಪರವಾಗಿ ಮಾತಾಡಲು ಹೋದಳು; ವರ್ನಾ ಅದರ ವಿರುದ್ಧ ಮಾತಾಡಲು. ಸಂಬಳ ಏರಿದರೆ ಟಿಪ್ಸು ನಿಂತೀತು, ಹೋಟೆಲೇ ಮುಚ್ಚೀತು ಎಂಬ ಅವಳ ಭಯ ನಟನೆಯಾಗಿರಲಿಲ್ಲ. ಭಾಷಣ ಬರೆದುಕೊಟ್ಟವನು ನಾನೇ. ಜೊತೆಗೆ ಹೋದವನೂ ನಾನೇ. ಚೆನ್ನಾಗಿಯೇ ಓದಿದಳು. ಆಮೇಲೆ ಸಮಿತಿಯವರೊಬ್ಬರು, ಆಗಷ್ಟೇ ರೋಂಡಾ ಹೇಳಿದ್ದನ್ನು ನೆನಪಿಸಿ ಕೇಳಿದರು: “ಗಿರಾಕಿಗಳು ಕೈ ಹಾಕ್ತಾರಂತಲ್ಲ, ನೀವು ನೋಡಿದೀರಾಮ್ಮ?”

ವರ್ನಾ ಕೈಯಲ್ಲಿದ್ದ ಕಾಗದ ನೋಡಿದಳು. ಅದರಲ್ಲಿ ಉತ್ತರ ಬರೆದಿರಲಿಲ್ಲ.

“ಇಲ್ಲ,” ಎಂದಳು.

ಹಿಂದಿನ ಸಾಲಿನಿಂದ ರೋಂಡಾ ಸದ್ದಿಲ್ಲದೆ ಎದ್ದುಹೋದಳು. ನಾನೂ ಕಣ್ಣಾರೆ ಕಂಡಿದ್ದವನೇ, ಬಾಯಿ ಬಿಡಲಿಲ್ಲ.

ಮಸೂದೆ ಬಿದ್ದುಹೋಯಿತು, ಹೋಟೆಲು ಉಳಿಯಿತು, ರೋಂಡಾ ಕೆಲಸಕ್ಕೆ ಮರಳಲಿಲ್ಲ. ಮರುವಾರ ಮರದ ವ್ಯಾಪಾರಿ “ನೀನ್ ನಮ್ ಮಾನ ಉಳಿಸ್ದೆ ನೋಡು ವರ್ನಾ!” ಎಂದು ಎಲ್ಲರೂ ಕೇಳುವಂತೆ ನಕ್ಕು, ತಟ್ಟೆಯಡಿ ಇಪ್ಪತ್ತು ಡಾಲರಿನ ನೋಟಿಟ್ಟು ಹೋದ. ಅವಳು ಒಳಗೆ ಬಂದು ಒಲೆಗೆ ಬೆನ್ನುಹಾಕಿ ನಿಂತಳು. “ತಗೊಂಡೆ ಕಣೋ. ತಗೋಬಾರದಿತ್ತು. ತಗೊಂಡೆ.” ರೋಂಡಾಳಿಗೆ ಎರಡು ಪತ್ರ ಬರೆದಳು, ಎರಡಕ್ಕೂ ಉತ್ತರ ಬರಲಿಲ್ಲ.

ಎಲ್ಲರನ್ನೂ ಮೆಚ್ಚಿಸಿಯೇ ಬದುಕಬೇಕಾದವರನ್ನು ಸುಳ್ಳುಗಾರರೆನ್ನಲು ನನಗೆ ನಾಲಗೆ ಏಳದು. ಪರರ ಹಸಿವನ್ನು ಮುಖ ನೋಡಿಯೇ ಅರಿಯುವ ಅಂಥವರು ತಮ್ಮ ಅವಮಾನವನ್ನು ಎಷ್ಟು ಕಾಲ ನಗೆಯೊಳಗೆ ಬಚ್ಚಿಡುತ್ತಾರೆಂದರೆ, ತೆಗೆದು ತೋರಿಸಲೇಬೇಕಾದ ದಿನ ಅದು ಅವರ ಕೈಗೇ ಸಿಗುವುದಿಲ್ಲ. ಅದಕ್ಕೆ ಬೆಲೆ ತೆರುವವರು ಮಾತ್ರ ಪಕ್ಕದಲ್ಲಿ ನಿಂತವರು.